‘ಪರವಾಗಿಲ್ಲ’ ಅಂದರೆ ಎಷ್ಟು?

ಒಂದು ಆಸ್ಪತ್ರೆಗೆ ಜನರೇಟರ್ ಬೇಕಾಗಿದೆ ಎಂದುಕೊಳ್ಳಿ. ಆಪರೇಷನ್ ನಡೆಯುವಾಗ ಕರೆಂಟ್ ಹೋದರೂ ದೀಪ ಆರಬಾರದು, ಅದಕ್ಕೆ. ಮೂರು ಜನರ ಸಮಿತಿ ಕೂತಿದೆ. ಮುಂದೆ ಎರಡು ಮಾಡೆಲ್‌ಗಳ ವಿವರ ಇದೆ. ಒಂದನ್ನು ‘ಎ’ ಅನ್ನೋಣ, ಇನ್ನೊಂದನ್ನು ‘ಬಿ’. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ನೋಡಬೇಕಾದದ್ದು ಮೂರು ವಿಷಯ. ಕೈಕೊಡದೆ ಓಡುತ್ತದಾ? ಕೆಟ್ಟರೆ ರಿಪೇರಿ ಸುಲಭವಾ? ಸದ್ದು ಎಷ್ಟು ಮಾಡುತ್ತದೆ?

‘ಬಿ’ಯನ್ನು ಎಷ್ಟು ನಂಬಬಹುದು ಎಂದು ಕೇಳಿದಾಗ ಮೊದಲನೆಯವರು ‘ತುಂಬಾ ಚೆನ್ನಾಗಿದೆ’ ಅಂದರು. ಎರಡನೆಯವರು ‘ಅಷ್ಟಕ್ಕಷ್ಟೆ’ ಅಂದರು. ಮೂರನೆಯವರು ಮತ್ತೆ ‘ತುಂಬಾ ಚೆನ್ನಾಗಿದೆ’ ಅಂದರು. ಆದರೆ ಫಾರಂನಲ್ಲಿರುವುದು 10ಕ್ಕೆ ಎಷ್ಟು ಎಂದು ಬರೆಯುವ ಚೌಕ. ಸರಿ, 10, 3, 10 ಎಂದು ಬರೆದರು. ಸರಾಸರಿ 7.67 ಬಂತು.

ಈಗ ಆ 7.67ನ್ನು ಒಮ್ಮೆ ನೋಡಿ. ಸ್ವಲ್ಪ ಹೊತ್ತಿನ ಮುಂಚೆ ಆ ಕೋಣೆಯಲ್ಲಿ ಒಂದು ದೊಡ್ಡ ಭಿನ್ನಾಭಿಪ್ರಾಯ ಇತ್ತು. ಅದನ್ನು ಯಾರೂ ಬಗೆಹರಿಸಲಿಲ್ಲ. ಆದರೂ ಅದು ಮಾಯವಾಯಿತು. ಸರಾಸರಿ ಅದನ್ನು ನುಂಗಿಬಿಟ್ಟಿತು. ಮುಂದೆ ಈ ಕಾಗದ ಯಾರ ಕೈಗೆ ಹೋದರೂ ಅವರಿಗೆ ಕಾಣುವುದು 7.67 ಮಾತ್ರ. ದಶಮಾಂಶದ ಎರಡು ಅಂಕಿ ಬೇರೆ ಇದೆಯಲ್ಲ, ಬಹಳ ಲೆಕ್ಕ ಹಾಕಿ ಬಂದ ಸಂಖ್ಯೆಯ ಹಾಗೆ ಕಾಣುತ್ತದೆ.

ಫಜ್ಜಿ ಗಣಗಳ, ಅಂದರೆ ಅಂಚು ಮಸುಕಾಗಿರುವ ಗಣಗಳ, ವಿಧಾನ ಬೇಕಾಗುವುದು ಇಲ್ಲಿ. ಅದು ಅನುಮಾನವನ್ನು ಹೋಗಲಾಡಿಸುವುದಿಲ್ಲ. ಅನುಮಾನವನ್ನು ಲೆಕ್ಕದ ಕೊನೆಯವರೆಗೂ ಕೈಬಿಡದೆ ಹೊತ್ತೊಯ್ಯುತ್ತದೆ. ನನ್ನ ಮಟ್ಟಿಗೆ ಅದರ ಬೆಲೆ ಇರುವುದೇ ಇದರಲ್ಲಿ.

ಗೆರೆ ಎಲ್ಲಿ ಎಳೆಯುವುದು?

ಶಾಲೆಯಲ್ಲಿ ಕಲಿತ ಗಣಗಳಲ್ಲಿ ಒಂದು ವಸ್ತು ಒಳಗಿರುತ್ತದೆ, ಇಲ್ಲ ಹೊರಗಿರುತ್ತದೆ. ಸಮಸಂಖ್ಯೆಗಳ ಗಣದಲ್ಲಿ 4 ಇದೆ, 5 ಇಲ್ಲ. ಮುಗಿಯಿತು. ಆದರೆ ‘ಸದ್ದು ಕಮ್ಮಿ ಇರುವ ಜನರೇಟರ್‌ಗಳು’ ಎಂಬ ಗಣವನ್ನು ತಗೊಳ್ಳಿ. 65 ಡೆಸಿಬಲ್‌ನಲ್ಲಿ ಗೆರೆ ಎಳೆದೆವು ಎಂದುಕೊಳ್ಳೋಣ. 64.9 ಇರುವ ಯಂತ್ರ ಒಳಗೆ, 65.1 ಇರುವುದು ಹೊರಗೆ. ಆ 0.2 ಡೆಸಿಬಲ್ ವ್ಯತ್ಯಾಸ ಯಾರ ಕಿವಿಗೂ ಕೇಳಿಸುವುದಿಲ್ಲ. ಆದರೂ ಒಂದು ಪಾಸಾಯಿತು, ಇನ್ನೊಂದು ಫೇಲಾಯಿತು. ತಪ್ಪು ಯಂತ್ರದ್ದಲ್ಲ, ಗೆರೆಯದ್ದು.

ಇದು ಹಳೆಯ ತಲೆನೋವು. ಕಾಳಿನ ರಾಶಿಯಿಂದ ಒಂದೊಂದೇ ಕಾಳು ತೆಗೆಯುತ್ತಾ ಹೋದರೆ ಅದು ಯಾವ ಕಾಳಿಗೆ ‘ರಾಶಿ’ ಅನಿಸಿಕೊಳ್ಳುವುದನ್ನು ನಿಲ್ಲಿಸುತ್ತದೆ? ಪ್ರಾಚೀನ ಗ್ರೀಸ್‌ನ ಯೂಬುಲಿಡೀಸ್ ಹೆಸರಿನಲ್ಲಿ ಈ ಪ್ರಶ್ನೆ ಬಂದಿದೆ. ಇದಕ್ಕೆ ಗಣಿತದ ಕಡೆಯಿಂದ ಬಂದ ಒಂದು ಸರಳ ಉತ್ತರ 1965ರದ್ದು. ಬಾಕು ನಗರದಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಸುತ್ತಿದ್ದ ಲೋಟ್ಫಿ ಜಾದೆ ಆ ವರ್ಷ ಫಜ್ಜಿ ಗಣಗಳ ಮೇಲೆ ಒಂದು ಪ್ರಬಂಧ ಬರೆದರು. ಅವರು ಹೇಳಿದ್ದು ಇಷ್ಟೆ: ಒಳಗೆ ಇಲ್ಲವೇ ಹೊರಗೆ ಎಂದು ಯಾಕೆ ಹಟ ಮಾಡಬೇಕು? ಎಷ್ಟರ ಮಟ್ಟಿಗೆ ಒಳಗೆ ಎಂದು ಕೇಳೋಣ. ಪೂರ್ತಿ ಒಳಗಿದ್ದರೆ 1, ಪೂರ್ತಿ ಹೊರಗಿದ್ದರೆ 0, ನಡುವೆ ಯಾವ ಭಿನ್ನರಾಶಿಯೂ ಆಗಬಹುದು. ಈ ಸಂಖ್ಯೆಗೆ ಸದಸ್ಯತ್ವದ ಮಟ್ಟ ಎನ್ನುತ್ತಾರೆ.

ಹಾಗಾದರೆ ಸದ್ದಿನ ಗಣ ಹೀಗಾಗುತ್ತದೆ. 55 ಡೆಸಿಬಲ್ ಅಥವಾ ಕಮ್ಮಿ ಇದ್ದರೆ ಸದಸ್ಯತ್ವ 1. 75 ಅಥವಾ ಜಾಸ್ತಿ ಇದ್ದರೆ 0. ನಡುವೆ ಇಳಿಜಾರು. 60ಕ್ಕೆ 0.75, 65ಕ್ಕೆ 0.5, 70ಕ್ಕೆ 0.25. ಈಗ 64.9ಕ್ಕೂ 65.1ಕ್ಕೂ ಇರುವ ಅಂತರ ಬರೀ 0.01. ಕಿವಿ ಏನು ಹೇಳುತ್ತದೋ ಗಣಿತವೂ ಅದನ್ನೇ ಹೇಳುತ್ತಿದೆ.

ಇಲ್ಲಿ ಒಂದು ಗೊಂದಲ ಯಾವಾಗಲೂ ಬರುತ್ತದೆ. 0.7 ಎಂದ ಕೂಡಲೇ ನಮಗೆ ಸಂಭವನೀಯತೆ ನೆನಪಾಗುತ್ತದೆ. ಎರಡೂ ಬೇರೆ. ‘ನಾಳೆ ಮಳೆ ಬರುವ ಸಾಧ್ಯತೆ 0.7’ ಅಂದರೆ ನಾಳೆ ಏನಾಗುತ್ತದೆ ಎಂದು ನಮಗೆ ಗೊತ್ತಿಲ್ಲ. ನಾಳೆ ಕಳೆದ ಮೇಲೆ ಅನುಮಾನ ಮುಗಿಯುತ್ತದೆ. ‘ಈಗ ಬರುತ್ತಿರುವುದು 0.7ರ ಮಟ್ಟಿಗೆ ಜೋರು ಮಳೆ’ ಅಂದರೆ ಹಾಗಲ್ಲ. ಮಳೆ ಕಣ್ಣೆದುರೇ ಇದೆ. ಎಷ್ಟು ಬೀಳುತ್ತಿದೆ ಎಂದು ಅಳೆದೂ ಆಗಿದೆ. ಅನುಮಾನ ಇರುವುದು ‘ಜೋರು’ ಎಂಬ ಮಾತಿನ ಅಂಚಿನಲ್ಲಿ. ಎಷ್ಟು ಹೊತ್ತು ಕಾದರೂ ಆ ಅನುಮಾನ ಹೋಗುವುದಿಲ್ಲ. ನಿರ್ಧಾರ ಮಾಡುವಾಗ ಎರಡೂ ಬಗೆಯ ಅನುಮಾನ ಎದುರಾಗುತ್ತವೆ. ಯಂತ್ರ ಮುಂದಿನ ವರ್ಷ ಕೆಡುತ್ತದಾ ಎಂಬುದಕ್ಕೆ ಸಂಭವನೀಯತೆ ಬೇಕು. ರಿಪೇರಿ ‘ಸುಲಭ’ ಅಂದರೆ ಏನು ಎಂಬುದಕ್ಕೆ ಫಜ್ಜಿ ಬೇಕು. ಒಂದರ ಕೆಲಸವನ್ನು ಇನ್ನೊಂದರ ಕೈಯಲ್ಲಿ ಮಾಡಿಸಲು ಹೋಗಬಾರದು.

ಮಾತಿಗೊಂದು ತ್ರಿಕೋನ

1975ರಲ್ಲಿ ಜಾದೆ ಇನ್ನೊಂದು ಹೆಜ್ಜೆ ಇಟ್ಟರು. ಸಂಖ್ಯೆಯ ಬದಲು ಮಾತನ್ನೇ ಬೆಲೆಯಾಗಿ ತಗೊಳ್ಳುವ ಚರಾಕ್ಷರದ ಕಲ್ಪನೆ ಅದು. ನಮ್ಮ ಸಮಿತಿಗೆ ಬೇಕಾಗಿರುವುದೂ ಅದೇ. ಕನ್ನಡದಲ್ಲಿ ಇದಕ್ಕೆ ಮಾತುಗಳು ಸಿದ್ಧವಾಗಿಯೇ ಇವೆ: ಕಳಪೆ, ಅಷ್ಟಕ್ಕಷ್ಟೆ, ಪರವಾಗಿಲ್ಲ, ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ಪ್ರತಿ ಮಾತಿಗೂ 0ಯಿಂದ 10ರ ಗೆರೆಯ ಮೇಲೆ ಒಂದು ತ್ರಿಕೋನ ಕಟ್ಟುತ್ತೇವೆ. ತ್ರಿಕೋನಕ್ಕೆ ಮೂರು ಸಂಖ್ಯೆ ಸಾಕು. ಅತಿ ಕಮ್ಮಿ ಎಷ್ಟು, ಸರಿಯಾಗಿ ಹೊಂದುವುದು ಎಷ್ಟು, ಅತಿ ಜಾಸ್ತಿ ಎಷ್ಟು.

‘ಕಳಪೆ’ಗೆ (0, 0, 2). ‘ಅಷ್ಟಕ್ಕಷ್ಟೆ’ಗೆ (1, 3, 5). ‘ಪರವಾಗಿಲ್ಲ’ಕ್ಕೆ (3, 5, 7). ‘ಚೆನ್ನಾಗಿದೆ’ಗೆ (5, 7, 9). ‘ತುಂಬಾ ಚೆನ್ನಾಗಿದೆ’ಗೆ (7, 10, 10). ತ್ರಿಕೋನಗಳು ಒಂದರ ಮೇಲೊಂದು ಹಾಯುತ್ತವೆ, ಗಮನಿಸಿ. 6 ಎಂಬ ಸಂಖ್ಯೆ ಅರ್ಧ ‘ಪರವಾಗಿಲ್ಲ’, ಅರ್ಧ ‘ಚೆನ್ನಾಗಿದೆ’. ಬೇಕೆಂದೇ ಹೀಗೆ ಇಡುತ್ತೇವೆ. ನಾವು ಮಾತಾಡುವಾಗಲೂ ಆ ಜಾಗದಲ್ಲಿ ತಡವರಿಸುತ್ತೇವೆ, ಅಲ್ವಾ?

ಈ ತ್ರಿಕೋನಗಳು ಆಕಾಶದಿಂದ ಬಿದ್ದವಲ್ಲ. ಯಾರೋ ಕೂತು ಬರೆಯಬೇಕು. ಬಹಳಷ್ಟು ಪ್ರಬಂಧಗಳಲ್ಲಿ ಮುಂಚಿನ ಪ್ರಬಂಧದ ಕೋಷ್ಟಕವನ್ನು ಹಾಗೇ ಎತ್ತಿಕೊಂಡಿರುತ್ತಾರೆ. ಅದು ಸರಿಯಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ‘ಪರವಾಗಿಲ್ಲ’ ಎಂಬ ಮಾತನ್ನೇ ನೋಡಿ. ಒಬ್ಬರು ‘ಪರವಾಗಿಲ್ಲ ಬಿಡಿ’ ಅಂದರೆ ಬೇಡ ಎನ್ನಲು ಸಂಕೋಚ ಎಂದರ್ಥ. ಇನ್ನೊಬ್ಬರು ‘ಪರವಾಗಿಲ್ವೇ!’ ಎಂದು ಹುಬ್ಬೇರಿಸಿದರೆ ಅದು ಹೊಗಳಿಕೆ. ಒಂದೇ ಮಾತು, ಎರಡು ತ್ರಿಕೋನ. ಹಾಗಾಗಿ ಅಂಕ ಕೊಡುವ ಮುಂಚೆ, ಯಾವ ಯಂತ್ರದ ಹೆಸರೂ ಬರುವ ಮುಂಚೆ, ಸಮಿತಿಯವರೆಲ್ಲ ಕೂತು ಈ ಐದು ಮಾತಿನ ಅಂಚುಗಳನ್ನು ಒಪ್ಪಿಕೊಳ್ಳಬೇಕು. ಅರ್ಧ ಗಂಟೆಯ ಕೆಲಸ. ಉಳಿದ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ.

ಮೂವರ ಮಾತನ್ನು ಒಂದುಮಾಡುವುದು

ಈಗ ಲೆಕ್ಕಕ್ಕೆ ಬರೋಣ. ‘ಎ’ಯನ್ನು ಎಷ್ಟು ನಂಬಬಹುದು ಎಂಬುದಕ್ಕೆ ಮೂವರೂ ಕೊಟ್ಟ ಉತ್ತರ: ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ. ‘ಬಿ’ಗೆ ಕೊಟ್ಟದ್ದು ಆಗಲೇ ನೋಡಿದೆವು: ತುಂಬಾ ಚೆನ್ನಾಗಿದೆ, ಅಷ್ಟಕ್ಕಷ್ಟೆ, ತುಂಬಾ ಚೆನ್ನಾಗಿದೆ.

ಸುಲಭದ ದಾರಿ ಎಂದರೆ ಮೂರು ತ್ರಿಕೋನಗಳ ಸರಾಸರಿ. ಎಡತುದಿಗಳ ಸರಾಸರಿ, ನಡುವಿನದ್ದರ ಸರಾಸರಿ, ಬಲತುದಿಗಳ ಸರಾಸರಿ. ಆಗ ‘ಎ’ಗೆ (4.33, 6.33, 8.33) ಬರುತ್ತದೆ, ‘ಬಿ’ಗೆ (5, 7.67, 8.33). ಇವುಗಳ ಅಗಲ ನೋಡಿ. ‘ಎ’ಯ ತ್ರಿಕೋನ 4 ಅಗಲ, ‘ಬಿ’ಯದ್ದು 3.33. ಅಂದರೆ ಯಾವ ಯಂತ್ರದ ಬಗ್ಗೆ ಮೂವರೂ ಹೆಚ್ಚುಕಡಿಮೆ ಒಪ್ಪಿದ್ದರೋ ಅದರ ಮೇಲೆ ಅನುಮಾನ ಜಾಸ್ತಿ. ಯಾವುದರ ಬಗ್ಗೆ ಜಗಳವಿತ್ತೋ ಅದು ಹೆಚ್ಚು ಖಚಿತ! ಫಜ್ಜಿ ಎಂಬ ಹೆಸರಿಟ್ಟುಕೊಂಡೂ ನಾವು ಮೊದಲು ಮಾಡಿದ ತಪ್ಪನ್ನೇ ಮತ್ತೆ ಮಾಡಿದೆವು. ಭಿನ್ನಾಭಿಪ್ರಾಯವನ್ನು ಸರಾಸರಿ ಮತ್ತೆ ನುಂಗಿತು.

ಇನ್ನೊಂದು ದಾರಿಯಿದೆ. ಎಡತುದಿಗೆ ಮೂವರಲ್ಲಿ ಅತಿ ಕಮ್ಮಿ ಇರುವುದನ್ನು ತಗೊಳ್ಳಿ, ಬಲತುದಿಗೆ ಅತಿ ಜಾಸ್ತಿ ಇರುವುದನ್ನು, ನಡುವಿಗೆ ಮಾತ್ರ ಸರಾಸರಿ. ಆಗ ‘ಎ’ (3, 6.33, 9). ‘ಬಿ’ (1, 7.67, 10). ಅಗಲ 6 ಮತ್ತು 9. ಈಗ ಜಗಳ ತ್ರಿಕೋನದ ಆಕಾರದಲ್ಲೇ ಕಾಣುತ್ತಿದೆ. ನಿರ್ಧಾರ ಚಿಕ್ಕ ಗುಂಪಿನದ್ದಾಗಿದ್ದು, ಪ್ರತಿಯೊಬ್ಬರ ಮಾತಿಗೂ ಬೆಲೆ ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ನೂರು ಜನ ಇದ್ದರೆ ಇದು ನಡೆಯುವುದಿಲ್ಲ. ಯಾರೋ ಒಬ್ಬರ ವಿಪರೀತ ಮಾತು ತ್ರಿಕೋನವನ್ನು ಎಳೆದು ಹಿಗ್ಗಿಸಿಬಿಡುತ್ತದೆ.

ಉಳಿದ ಎರಡು ಮಾನದಂಡಗಳಲ್ಲಿ ಜಗಳವಿಲ್ಲ. ರಿಪೇರಿಯಲ್ಲಿ ‘ಎ’ ಚೆನ್ನಾಗಿದೆ, ‘ಬಿ’ ಪರವಾಗಿಲ್ಲ. ಸದ್ದಿನ ವಿಷಯದಲ್ಲಿ ತಿರುಗಾಮುರುಗಾ: ‘ಎ’ ಪರವಾಗಿಲ್ಲ, ‘ಬಿ’ ಚೆನ್ನಾಗಿದೆ. ತೂಕಗಳು ಹೀಗಿರಲಿ: ನಂಬಿಕೆಗೆ 0.5, ರಿಪೇರಿಗೆ 0.3, ಸದ್ದಿಗೆ 0.2. ತೂಕಗಳನ್ನೂ ‘ತುಂಬಾ ಮುಖ್ಯ’, ‘ಮುಖ್ಯ’ ಎಂದು ಮಾತಿನಲ್ಲೇ ಕೊಡಬಹುದು. ಲೆಕ್ಕ ತಿಳಿಯಾಗಿರಲಿ ಎಂದು ಇಲ್ಲಿ ಸಂಖ್ಯೆಯಲ್ಲೇ ಇಟ್ಟಿದ್ದೇನೆ. ಪ್ರತಿ ತ್ರಿಕೋನವನ್ನು ಅದರ ತೂಕದಿಂದ ಗುಣಿಸಿ ಕೂಡಿಸಿದರೆ ಒಟ್ಟು ಅಂಕ ಸಿಗುತ್ತದೆ.

‘ಎ’ಗೆ (3.6, 6.27, 8.6).
‘ಬಿ’ಗೆ (2.4, 6.73, 8.9).

ಯಾರು ಗೆದ್ದರು?

ನಡುವಿನ ಸಂಖ್ಯೆ ಮಾತ್ರ ನೋಡಿದರೆ ‘ಬಿ’. 6.27ಕ್ಕಿಂತ 6.73 ಜಾಸ್ತಿ. ಮಾಮೂಲಿ ಅಂಕಪಟ್ಟಿ ಮಾಡಿದ್ದರೂ ಇದೇ ಬರುತ್ತಿತ್ತು. ಆದರೆ ನಮ್ಮ ಹತ್ತಿರ ಇರುವುದು ಪೂರ್ತಿ ತ್ರಿಕೋನ. ಎರಡು ತ್ರಿಕೋನಗಳಲ್ಲಿ ದೊಡ್ಡದು ಯಾವುದು ಎಂದು ಹೇಳುವುದು ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು ಹೇಳಿದಷ್ಟು ಸುಲಭವಲ್ಲ. ಒಂದು ಎಡಕ್ಕೂ ಚಾಚಿದೆ, ಬಲಕ್ಕೂ ಚಾಚಿದೆ. ಇನ್ನೊಂದು ನಡುವೆ ಕೂತಿದೆ.

ರೂಢಿಯಲ್ಲಿರುವ ಒಂದು ದಾರಿ ತ್ರಿಕೋನದ ಗುರುತ್ವ ಕೇಂದ್ರವನ್ನು ತೆಗೆಯುವುದು. ಅಂದರೆ ಮೂರೂ ಸಂಖ್ಯೆಗಳ ಸರಾಸರಿ. ‘ಎ’ಗೆ 6.16, ‘ಬಿ’ಗೆ 6.01. ಈಗ ‘ಎ’ ಮುಂದೆ.

1992ರಲ್ಲಿ ಲಿಯು ಮತ್ತು ವಾಂಗ್ ಎಂಬುವವರು ತೋರಿಸಿದ ಇನ್ನೊಂದು ದಾರಿ ನನಗೆ ಇಷ್ಟ. ತ್ರಿಕೋನದ ಎಡಗಡೆಗೆ ಒಂದು ಬೆಲೆ, ಬಲಗಡೆಗೆ ಒಂದು ಬೆಲೆ. ಎಡದ್ದು ಎಂದರೆ ಮೊದಲ ಎರಡು ಸಂಖ್ಯೆಗಳ ಸರಾಸರಿ, ಬಲದ್ದು ಎಂದರೆ ಕೊನೆಯ ಎರಡರ ಸರಾಸರಿ. ‘ಎ’ಗೆ 4.93 ಮತ್ತು 7.43. ‘ಬಿ’ಗೆ 4.57 ಮತ್ತು 7.82. ಇವೆರಡನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು ಎಂಬುದು ನಿರ್ಧಾರ ಮಾಡುವವರಿಗೆ ಬಿಟ್ಟದ್ದು. ಆಶಾವಾದಿ ಬಲಗಡೆಗೆ ಒತ್ತು ಕೊಡುತ್ತಾರೆ, ಹುಷಾರಿನ ಮನುಷ್ಯ ಎಡಗಡೆಗೆ. ಸಮಸಮ ಬೆರೆಸಿದರೆ ‘ಎ’ಗೆ 6.18, ‘ಬಿ’ಗೆ 6.19. ಕೂದಲೆಳೆಯಷ್ಟು ‘ಬಿ’ ಮುಂದೆ. ಸ್ವಲ್ಪ ಎಡಕ್ಕೆ ವಾಲಿದರೆ ಸಾಕು, ‘ಎ’ ಮುಂದೆ ಬರುತ್ತದೆ. ಇದು ಆಪರೇಷನ್ ಥಿಯೇಟರಿನ ದೀಪದ ವಿಷಯ. ಇಲ್ಲಿ ಎಡಕ್ಕೆ ವಾಲುವುದೇ ಸರಿ.

ಮೂರು ದಾರಿ, ಮೂರು ಬಗೆಯ ಉತ್ತರ. ಇದನ್ನು ನೋಡಿ ಕೆಲವರು ‘ಹಾಗಾದರೆ ಈ ವಿಧಾನವೇ ದಂಡ’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಉತ್ತರ ಅಲ್ಲಾಡುತ್ತಿದೆ ಎಂಬುದೇ ಇಲ್ಲಿ ಸಿಕ್ಕ ಮಾಹಿತಿ. ಸಮಿತಿಗೆ ಸದ್ಯಕ್ಕೆ ಗೊತ್ತಿರುವಷ್ಟರಲ್ಲಿ ‘ಎ’ ಮತ್ತು ‘ಬಿ’ ನಡುವೆ ಆರಿಸಲು ಆಗುವುದಿಲ್ಲ. 6.27 ಮತ್ತು 6.73 ಎಂಬ ಎರಡು ಸಂಖ್ಯೆ ಈ ಸತ್ಯವನ್ನು ಮುಚ್ಚಿಟ್ಟಿದ್ದವು.

ಒಂದು ಕೊರತೆಗೆ ಇನ್ನೊಂದು ಗುಣ ಸಮವಾ?

ತೂಕ ಹಾಕಿ ಕೂಡಿಸಿದಾಗ ನಾವು ಗಮನಿಸದೆಯೇ ಒಂದು ಮಾತು ಒಪ್ಪಿಕೊಂಡಿದ್ದೇವೆ. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಗುಣ ತುಂಬಿಕೊಡುತ್ತದೆ ಎಂಬ ಮಾತು ಅದು. ಸದ್ದು ಕಮ್ಮಿ ಇದೆ, ಹಾಗಾಗಿ ಆಗಾಗ ಕೈಕೊಟ್ಟರೂ ಪರವಾಗಿಲ್ಲ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಆದರೆ ಕೂಡುವ ಲೆಕ್ಕ ಹೇಳುವುದು ಅದನ್ನೇ.

1970ರಲ್ಲಿ ರಿಚರ್ಡ್ ಬೆಲ್‌ಮನ್ ಮತ್ತು ಜಾದೆ ಸೇರಿ ಬರೆದ ಪ್ರಬಂಧದಲ್ಲಿ ಬೇರೆಯದೇ ದಾರಿ ಇದೆ. ಫಜ್ಜಿ ಲೋಕದಲ್ಲಿ ನಿರ್ಧಾರ ಅಂದರೆ ಏನು ಎಂದು ಮೊದಲ ಬಾರಿಗೆ ನೆಲಗಟ್ಟು ಹಾಕಿದ್ದು ಅದು. ಗುರಿಗಳನ್ನೂ ನಿರ್ಬಂಧಗಳನ್ನೂ ಅವರು ಒಂದೇ ಸಾಲಿನಲ್ಲಿ ಕೂರಿಸಿದರು. ಪ್ರತಿಯೊಂದೂ ಒಂದು ಫಜ್ಜಿ ಗಣ. ನಿರ್ಧಾರ ಎಂದರೆ ಅವೆಲ್ಲವೂ ಒಟ್ಟಿಗೆ ಹಾಯುವ ಜಾಗ, ಅಂದರೆ ಛೇದನ ಗಣ. ಒಂದು ಆಯ್ಕೆಗೆ ಮೂರು ಮಾನದಂಡಗಳಲ್ಲಿ 0.9, 0.8, 0.2 ಸದಸ್ಯತ್ವ ಇದ್ದರೆ ಅದರ ಒಟ್ಟು ಬೆಲೆ 0.2, ಅಂದರೆ ಅತಿ ಕಮ್ಮಿ ಇರುವುದು. ಎಲ್ಲ ಆಯ್ಕೆಗಳಲ್ಲಿ ಈ ಕನಿಷ್ಠ ಬೆಲೆ ಯಾವುದಕ್ಕೆ ಜಾಸ್ತಿಯೋ ಅದನ್ನು ಆರಿಸು. ಬಹಳ ಕಟ್ಟುನಿಟ್ಟಿನ ನಿಯಮ. ಜೀವಕ್ಕೆ ಅಪಾಯ ಇರುವ ಕಡೆ ಇಂಥ ಕಟ್ಟುನಿಟ್ಟು ಬೇಕೇ ಬೇಕು. ಬಣ್ಣ, ಆಕಾರದಂಥ ವಿಷಯ ಬಂದಾಗ ಇದು ಅತಿಯಾಗುತ್ತದೆ. 1988ರಲ್ಲಿ ರೊನಾಲ್ಡ್ ಯಾಗರ್ ಈ ಕಟ್ಟುನಿಟ್ಟಿನ ನಿಯಮಕ್ಕೂ ಮಾಮೂಲಿ ಸರಾಸರಿಗೂ ನಡುವೆ ಒಂದು ಸೇತುವೆ ಕಟ್ಟಿದರು. ಅಂಕಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮಾನದಂಡಕ್ಕಲ್ಲದೆ ಸ್ಥಾನಕ್ಕೆ ತೂಕ ಕೊಡುವ ಸರಾಸರಿ ಅದು. ತೂಕವನ್ನೆಲ್ಲ ಕೊನೆಯ ಸ್ಥಾನಕ್ಕೆ ಕೊಟ್ಟರೆ ಬೆಲ್‌ಮನ್–ಜಾದೆ ನಿಯಮ, ಸಮನಾಗಿ ಹಂಚಿದರೆ ಮಾಮೂಲಿ ಸರಾಸರಿ.

ನನ್ನ ಸಲಹೆ ಇಷ್ಟು. ಯಾವ ಮಾನದಂಡದಲ್ಲಿ ರಾಜಿ ಆಗುವುದೇ ಇಲ್ಲವೋ ಅದನ್ನು ಮೊದಲೇ ಬೇರೆ ತೆಗೆಯಿರಿ. ಅದರಲ್ಲಿ ತೀರಾ ಕೆಳಗಿರುವ ಆಯ್ಕೆಯನ್ನು ಲೆಕ್ಕಕ್ಕೇ ತರಬೇಡಿ. ಉಳಿದದ್ದನ್ನು ಮಾತ್ರ ತೂಕ ಹಾಕಿ ಕೂಡಿಸಿ.

ಆದರ್ಶದಿಂದ ಎಷ್ಟು ದೂರ?

ಈ ಕ್ಷೇತ್ರದಲ್ಲಿ ಎಲ್ಲೆಲ್ಲೂ ಕಾಣುವ ಹೆಸರು ಟಾಪ್ಸಿಸ್. 1981ರಲ್ಲಿ ಹ್ವಾಂಗ್ ಮತ್ತು ಯೂನ್ ಇದನ್ನು ಕೊಟ್ಟರು. ಯೋಚನೆ ಸರಳ. ಎಲ್ಲದರಲ್ಲೂ ಅತ್ಯುತ್ತಮವಾದ ಒಂದು ಕಾಲ್ಪನಿಕ ಆಯ್ಕೆ, ಎಲ್ಲದರಲ್ಲೂ ಅತಿ ಕೆಟ್ಟದಾದ ಇನ್ನೊಂದು. ಉತ್ತಮಕ್ಕೆ ಹತ್ತಿರ ಇದ್ದು ಕೆಟ್ಟದರಿಂದ ದೂರ ಇರುವುದು ಗೆಲ್ಲುತ್ತದೆ. ಇದನ್ನು ತ್ರಿಕೋನಗಳಿಗೆ ಹೊಂದಿಸಿದ ಚೆನ್ ಅವರ 2000ದ ಪ್ರಬಂಧ ಬಹಳ ಬಳಕೆಯಲ್ಲಿದೆ. ಎರಡು ತ್ರಿಕೋನಗಳ ನಡುವಿನ ದೂರ ಎಂದರೆ ಮೂರು ತುದಿಗಳ ವ್ಯತ್ಯಾಸಗಳನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಾಕುವುದು.

ನಮ್ಮ ನಂಬಿಕೆಯ ಮಾನದಂಡಕ್ಕೆ ಇದನ್ನು ಹಾಕಿ ನೋಡೋಣ. ಪೂರ್ತಿ ಹತ್ತರಿಂದ ‘ಎ’ 4.60 ದೂರ, ‘ಬಿ’ 5.37 ದೂರ. ಅಂದರೆ ಉತ್ತಮಕ್ಕೆ ‘ಎ’ ಹತ್ತಿರ. ಸೊನ್ನೆಯಿಂದ ‘ಎ’ 6.59 ದೂರ, ‘ಬಿ’ 7.30 ದೂರ. ಕೆಟ್ಟದರಿಂದ ‘ಬಿ’ ದೂರ! ಅಗಲ ಜಾಸ್ತಿ ಇರುವ ತ್ರಿಕೋನ ಹೀಗೆ ಎರಡೂ ಕಡೆಯಿಂದ ದೂರ ನಿಲ್ಲುತ್ತದೆ. ಕೊನೆಗೆ ಸೊನ್ನೆಯಿಂದ ಇರುವ ದೂರವನ್ನು ಎರಡೂ ದೂರಗಳ ಮೊತ್ತದಿಂದ ಭಾಗಿಸಿದರೆ ‘ಎ’ಗೆ 0.59, ‘ಬಿ’ಗೆ 0.58. ಮತ್ತೆ ಅದೇ ಕತೆ, ಆರಿಸಲು ಆಗುತ್ತಿಲ್ಲ.

ತೂಕಗಳು ಎಲ್ಲಿಂದ ಬರುತ್ತವೆ ಎಂಬುದಕ್ಕೆ ಥಾಮಸ್ ಸಾಟಿಯವರ ಎಎಚ್‌ಪಿ ವಿಧಾನ ಪ್ರಸಿದ್ಧ. ಮಾನದಂಡಗಳನ್ನು ಎರಡೆರಡಾಗಿ ಹೋಲಿಸಿ, ಯಾವುದು ಎಷ್ಟು ಮುಖ್ಯ ಎಂದು 1ರಿಂದ 9ರವರೆಗಿನ ಅಳತೆಯಲ್ಲಿ ಹೇಳಬೇಕು. ಇದಕ್ಕೂ ತ್ರಿಕೋನ ತೊಡಿಸಿದವರಿದ್ದಾರೆ. 1983ರಲ್ಲಿ ವಾನ್ ಲಾರ್‌ಹೋವನ್ ಮತ್ತು ಪೆಡ್ರಿಚ್, 1985ರಲ್ಲಿ ಬಕ್ಲಿ, 1996ರಲ್ಲಿ ಚಾಂಗ್. ‘3 ಪಟ್ಟು’ ಎಂಬುದು (2, 3, 4) ಆಗುತ್ತದೆ. ಚಾಂಗ್ ಅವರ ದಾರಿ ಸುಲಭ ಎಂದು ಬಹಳ ಜನ ಹಿಡಿದರು. ಆದರೆ ಅದರಲ್ಲಿ ಒಂದು ಮಾನದಂಡದ ತ್ರಿಕೋನ ಇನ್ನೊಂದಕ್ಕೆ ತಾಗದಷ್ಟು ಕೆಳಗಿದ್ದರೆ ತೂಕ ಸೀದಾ ಸೊನ್ನೆ ಆಗಿಬಿಡಬಹುದು. ನೀವೇ ಮುಖ್ಯ ಎಂದು ಪಟ್ಟಿಗೆ ಸೇರಿಸಿದ ವಿಷಯ ಲೆಕ್ಕದಿಂದ ಸುಮ್ನೆ ಬಿದ್ದುಹೋಗುತ್ತದೆ. 2008ರಲ್ಲಿ ವಾಂಗ್, ಲುವೊ, ಹುವಾ ಎಂಬ ಮೂವರು ಇದನ್ನು ಬಿಡಿಸಿ ತೋರಿಸಿದರು. ಸಾಟಿಯವರಂತೂ ತಮ್ಮ ವಿಧಾನಕ್ಕೆ ಫಜ್ಜಿ ಬೆರೆಸುವುದನ್ನೇ ಒಪ್ಪಲಿಲ್ಲ. ಜನ ಎರಡೆರಡಾಗಿ ಹೋಲಿಸಿ ಕೊಡುವ ಉತ್ತರದಲ್ಲೇ ಆ ಅಸ್ಪಷ್ಟತೆ ಇದೆ, ಮೇಲೆ ಇನ್ನೊಂದು ಪದರ ಯಾಕೆ ಎಂಬುದು ಅವರ ವಾದ.

ಈ ವಾದದಲ್ಲಿ ತೂಕದ ಮಟ್ಟಿಗೆ ನಾನು ಸಾಟಿಯವರ ಕಡೆ. ತೂಕವನ್ನು ಸರಳವಾಗಿ ತೆಗೆದು, ಆಮೇಲೆ ಅದನ್ನು ಅಲ್ಲಾಡಿಸಿ ನೋಡುವುದು ಹೆಚ್ಚು ಕಲಿಸುತ್ತದೆ. ಉದಾಹರಣೆಗೆ ನಂಬಿಕೆಯಿಂದ 0.1 ತೆಗೆದು ರಿಪೇರಿಗೆ ಕೊಡಿ. ಎರಡಕ್ಕೂ 0.4 ಆಯಿತು. ಈಗ ಗುರುತ್ವ ಕೇಂದ್ರದ ದಾರಿಯಲ್ಲಿ ‘ಎ’ಗೆ 6.24, ‘ಬಿ’ಗೆ 5.89. ಎಡಬಲ ಸಮ ಬೆರೆಸಿದರೆ 6.27 ಮತ್ತು 6.03. ಎರಡರಲ್ಲೂ ‘ಎ’ ಮುಂದೆ. ಇಷ್ಟು ಸಣ್ಣ ಬದಲಾವಣೆಗೇ ತಕ್ಕಡಿ ವಾಲುತ್ತದೆ ಎಂದು ಸಮಿತಿಗೆ ಗೊತ್ತಿರಬೇಕು.

ಫಜ್ಜಿ ಗಣಗಳ ಈ ಮರ ಬಹಳ ಕೊಂಬೆ ಒಡೆದಿದೆ. ಸದಸ್ಯತ್ವದ ಜೊತೆಗೆ ‘ಸದಸ್ಯ ಅಲ್ಲ’ ಎಂಬುದಕ್ಕೂ ಒಂದು ಬೆಲೆ ಕೊಟ್ಟು, ನಡುವೆ ಉಳಿದದ್ದನ್ನು ಹಿಂಜರಿಕೆ ಎಂದು ಕರೆಯುವುದು ಅತನಾಸೊವ್ ಅವರ ದಾರಿ. ಒಂದೇ ವಸ್ತುವಿಗೆ ಹಲವು ಸದಸ್ಯತ್ವದ ಬೆಲೆಗಳನ್ನು ಹಾಗೇ ಇಟ್ಟುಕೊಳ್ಳುವುದು 2010ರಲ್ಲಿ ತೊರ್ರಾ ತೋರಿಸಿದ ದಾರಿ. ಕೆಲವು ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆ. ಆದರೆ ಮೊದಲ ತ್ರಿಕೋನದ ಅಂಚುಗಳನ್ನೇ ಯಾರೂ ಕೂತು ಮಾತಾಡಿಲ್ಲ ಎಂದಾದರೆ ಮೇಲೆ ಎಷ್ಟು ಮಹಡಿ ಕಟ್ಟಿದರೂ ಪ್ರಯೋಜನ ಕಮ್ಮಿ.

ಫಜ್ಜಿ ಎಂದರೆ ಜಪಾನಿನ ಸೆಂಡೈ ಸಬ್‌ವೇ ನೆನಪಾಗುವವರೂ ಇದ್ದಾರೆ. 1987ರಲ್ಲಿ ಶುರುವಾದ ಆ ರೈಲುಗಳ ಓಟವನ್ನೂ ಬ್ರೇಕನ್ನೂ ಫಜ್ಜಿ ನಿಯಮಗಳಿಂದ ನಡೆಸಿದರು, ಚೆನ್ನಾಗಿ ನಡೆಯಿತು. ಆದರೆ ಅಲ್ಲೊಂದು ಅನುಕೂಲ ಇದೆ. ರೈಲು ನಿಲ್ದಾಣದಲ್ಲಿ ಸರಿಯಾಗಿ ನಿಂತಿತಾ ಇಲ್ಲವಾ ಎಂದು ಪ್ರತಿ ಸಲವೂ ಗೊತ್ತಾಗುತ್ತದೆ. ತಪ್ಪಿದರೆ ನಿಯಮ ತಿದ್ದಬಹುದು. ಜನರೇಟರ್ ಕೊಳ್ಳುವುದು ಒಂದೇ ಸಲ. ಕೊಳ್ಳದೆ ಬಿಟ್ಟದ್ದು ಹೇಗಿರುತ್ತಿತ್ತು ಎಂದು ಯಾವತ್ತೂ ಗೊತ್ತಾಗುವುದಿಲ್ಲ. ಹಾಗಾಗಿ ನಿರ್ಧಾರದ ಕೆಲಸದಲ್ಲಿ ಎಚ್ಚರವೆಲ್ಲ ಲೆಕ್ಕಕ್ಕೆ ಮುಂಚೆಯೇ ಬೇಕು.

ಎರಡನೆಯವರನ್ನು ಕೇಳಿ

ತ್ರಿಕೋನಗಳಿಗೆ ವಾಪಸ್ ಬರೋಣ. ‘ಬಿ’ಯ ಒಟ್ಟು ಅಂಕ 2.4ರಿಂದ 8.9ರವರೆಗೆ ಹರಡಿದೆ. ಇಷ್ಟು ಅಗಲ ಎಲ್ಲಿಂದ ಬಂತು? ರಿಪೇರಿ ಮತ್ತು ಸದ್ದಿನ ತ್ರಿಕೋನಗಳ ಅಗಲ ಎರಡು ಯಂತ್ರಕ್ಕೂ ಒಂದೇ. ಜಾಸ್ತಿ ಅಗಲ ಬಂದದ್ದು ಒಂದೇ ಜಾಗದಿಂದ. ನಂಬಿಕೆಯ ಸಾಲು, ಅದರಲ್ಲೂ ಎರಡನೆಯವರ ‘ಅಷ್ಟಕ್ಕಷ್ಟೆ’. ಹಾಗಾಗಿ ಸಮಿತಿ ಈಗ ಮಾಡಬೇಕಾದದ್ದು ಇನ್ನೊಂದು ವಿಧಾನ ಹುಡುಕುವುದಲ್ಲ. ಅವರ ಕಡೆ ತಿರುಗಿ, ‘ನಿಮಗೆ ಯಾಕೆ ಹಾಗನಿಸಿತು?’ ಎಂದು ಕೇಳುವುದು.

ಅವರು ಹೀಗೆ ಹೇಳಬಹುದು: ‘ಈ ಮಾಡೆಲನ್ನು ನಾನು ಹಿಂದೆ ಕೆಲಸ ಮಾಡಿದ ಕಡೆ ನೋಡಿದ್ದೇನೆ. ಒಂದೇ ಸಮನೆ ಆರು ಗಂಟೆ ಓಡಿಸಿದರೆ ಬಿಸಿಯಾಗಿ ನಿಂತುಬಿಡುತ್ತಿತ್ತು.’ ಉಳಿದ ಇಬ್ಬರು ನೋಡಿದ್ದು ಒಂದು ಗಂಟೆಯ ಪ್ರದರ್ಶನ ಮಾತ್ರ. ಅವರು ತಮ್ಮ ಮಾತನ್ನು ‘ಪರವಾಗಿಲ್ಲ’ಕ್ಕೆ ಇಳಿಸುತ್ತಾರೆ. ಆಗ ‘ಬಿ’ಯ ನಂಬಿಕೆ (1, 4.33, 7), ಒಟ್ಟು (2.4, 5.07, 7.4). ಮೂರೂ ಸಂಖ್ಯೆ ‘ಎ’ಗಿಂತ ಕೆಳಗೆ. ಯಾವ ದಾರಿಯಲ್ಲಿ ಲೆಕ್ಕ ಹಾಕಿದರೂ ‘ಎ’.

ಅಥವಾ ಹೀಗೂ ಹೇಳಬಹುದು: ‘ಓ, ನಾನು ಹೇಳಿದ್ದು ಹಳೆಯ ಮಾಡೆಲ್ ಬಗ್ಗೆ. ಇದು ಹೊಸದಾ? ಹಾಗಾದರೆ ಚೆನ್ನಾಗಿದೆ.’ ಆಗ ‘ಬಿ’ಯ ನಂಬಿಕೆ (5, 9, 10), ಒಟ್ಟು (4.4, 7.4, 8.9). ಮೂರೂ ಸಂಖ್ಯೆ ‘ಎ’ಗಿಂತ ಮೇಲೆ. ಯಾವ ದಾರಿಯಲ್ಲೂ ‘ಬಿ’.